ಸಂಕಪ್ಪನ ತಂಗಿ

ದುಗ್ಗಕ್ಕನಿಗೆ ಸಿಟ್ಟು ಬಂದರೆ ಸ್ವರ ಇಳಿಯುತ್ತಿತ್ತು. ಉಳಿದ ದಿನಗಳಲ್ಲಿ ಗದ್ದೆಯ ಆಚೆ ಬದುವಿನ ಹುಣಿಯಲ್ಲಿ ನಿಂತವರಿಗೂ ಕೇಳುವಂಥ ಗಂಟಲು. ಕೋಪ ಬಂತೆಂದರೆ ಮಾತು ಒಂದೊಂದಾಗಿ, ಎದುರಿನವರು ಬಗ್ಗಿ ಕೇಳಬೇಕಾದಷ್ಟು ಸಣ್ಣಗೆ ಬರುತ್ತಿತ್ತು. ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆಗೆ ಆವೆಮಣ್ಣು ಸಾಗಿಸುವ ಗಾಡಿಯವನೊಬ್ಬ ಒಮ್ಮೆ ನನಗೆ ಹೇಳಿದ್ದ: "ಅವರು ಬೊಬ್ಬೆ ಹಾಕಿದರೆ ತೊಂದರೆ ಇಲ್ಲ ಟೀಚರ್. ಮೆಲ್ಲ ಮಾತಾಡಿದರೆ ಮಾತ್ರ ಅಲ್ಲಿ ನಿಲ್ಲಬಾರದು."

ನಾನು ಆಗ ಜೆಪ್ಪುವಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಶಾಲೆಯ ಹಿಂದಿನಿಂದ ಹೊಳೆಯವರೆಗೆ ಇದ್ದ ಗದ್ದೆಗಳು ದುಗ್ಗಕ್ಕನ ಮನೆಯವು. ಗಂಡ ಬೇಗ ತೀರಿಹೋದ ಮೇಲೆ ತಾಯಿಮನೆಗೆ ಬಂದವರು ಬೇಸಾಯವನ್ನೆಲ್ಲ ತಾವೇ ಹೊತ್ತುಕೊಂಡಿದ್ದರು. ಬೀಜ ಹಾಕುವುದು ಯಾವಾಗ, ಹೊಳೆಯ ಉಪ್ಪುನೀರು ಒಳಗೆ ಬಾರದಂತೆ ಕಟ್ಟ ಹಾಕುವುದು ಎಲ್ಲಿ, ಎಲ್ಲ ಅವರದೇ ತೀರ್ಮಾನ. ಅಣ್ಣ ಸಂಕಪ್ಪ ಹೆಂಡತಿಯೊಂದಿಗೆ ಬಿಜೈಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಕೊಯ್ಲಿನ ಹೊತ್ತಿಗೆ ಕೊಡೆ ಹಿಡಿದು ಬರುತ್ತಿದ್ದ, ಹುಣಿಯ ಮೇಲೆ ನಿಂತು ನೋಡಿ ಹೋಗುತ್ತಿದ್ದ. ಗದ್ದೆಯ ಪಟ್ಟೆ ಮಾತ್ರ ಅವನ ಹೆಸರಲ್ಲಿ. ನಮ್ಮ ಅಳಿಯಕಟ್ಟಿನಲ್ಲಿ ಆಸ್ತಿ ಇಳಿಯುವುದು ಹೆಣ್ಣಿನಿಂದ ಹೆಣ್ಣಿಗೆ. ಯಜಮಾನ ಎಂದು ಕಾಗದದಲ್ಲಿ ಕೂರುವವನು ಗಂಡಸು.

ಎರಡನೇ ಮಹಾಯುದ್ಧಕ್ಕೆ ಮೊದಲು ಮದ್ರಾಸಿನ ಸಭೆಗೆ ಚುನಾವಣೆ ಬಂತು. ಅದುವರೆಗೆ ಮಂಗಳೂರಿನಲ್ಲಿ ಓಟು ಎಂದರೆ ವಕೀಲರು, ದೊಡ್ಡ ಜಮೀನುದಾರರು, ಬಂದರಿನ ಸಾಹುಕಾರರು ತಮ್ಮತಮ್ಮಲ್ಲೇ ಮುಗಿಸಿಕೊಳ್ಳುತ್ತಿದ್ದ ವ್ಯವಹಾರ. ಈ ಸಲ ಹೆಚ್ಚು ಜನಕ್ಕೆ ಕೊಡುತ್ತಾರೆ, ಹೆಂಗಸರಿಗೂ ಉಂಟು ಎಂದು ಸುದ್ದಿಯಾಯಿತು. ಪಟ್ಟಿ ಬರೆಯಲು ಕಚೇರಿಯ ಗುಮಾಸ್ತ ಮನೆಮನೆಗೆ ಬಂದ. ದುಗ್ಗಕ್ಕನ ಜಗಲಿಯಲ್ಲಿ ಕೂತು, ಅವರು ಕೊಟ್ಟ ಎಳನೀರು ಕುಡಿದು ಬರೆದುಕೊಂಡದ್ದು ಎರಡು ಹೆಸರು: ಸಂಕಪ್ಪನದು, ಸಂಕಪ್ಪನ ಹೆಂಡತಿಯದು.

"ನನ್ನದು?" ಎಂದು ದುಗ್ಗಕ್ಕ ಕೇಳಿದರು.

"ನಿಮಗೆ ಇಲ್ಲ. ಪಟ್ಟೆ ಇರುವವರಿಗೆ ಉಂಟು, ಅವರ ಹೆಂಡತಿಗೆ ಉಂಟು."

"ಅತ್ತಿಗೆಗೂ ಈ ಗದ್ದೆಗೂ ಎಂತ ಸಂಬಂಧ? ಅವಳಿಗೆ ಅವಳ ತಾಯಿಮನೆಯದ್ದು ಉಂಟು. ಈ ಗದ್ದೆ ನನ್ನ ಅಮ್ಮನದು, ಅಜ್ಜಿಯದು. ಅತ್ತಿಗೆ ಇದರ ಕೆಸರು ಒಂದು ದಿನ ಮೆಟ್ಟಿದವಳಲ್ಲ."

"ಕಾನೂನು ಮಾಡಿದವರಿಗೆ ನಮ್ಮ ಕಟ್ಟು ಗೊತ್ತಿಲ್ಲ ಅಮ್ಮ. ನಾನು ಎಂತ ಮಾಡಲಿ? ಓದುಬರಹ ಬಂದರೆ ಅರ್ಜಿ ಕೊಡಬಹುದು."

ಅವತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ದುಗ್ಗಕ್ಕ ಬಂದು ಬಾಗಿಲಲ್ಲಿ ನಿಂತರು. ಅವರಿಗಾಗ ನಲವತ್ತೈದು ದಾಟಿತ್ತು. ಗುಮಾಸ್ತ ಹೇಳಿದ್ದನ್ನೆಲ್ಲ ನನಗೆ ಹೇಳಿದರು. ಸ್ವರ ಎಷ್ಟು ಇಳಿದಿತ್ತೆಂದರೆ ನಾನು ಹತ್ತಿರ ಹೋಗಿ ಕೇಳಬೇಕಾಯಿತು. "ನನಗೆ ಅಕ್ಷರ ಬೇಕು ಟೀಚರ್. ಬೇಗ ಬೇಕು."

ಹೆಸರು ಬರೆಯಲು ಕಲಿತರೆ ಸಾಕಾಗಬಹುದು ಎಂದೆ. ಅವರು ಒಪ್ಪಲಿಲ್ಲ. "ಹೆಸರು ಮಾತ್ರ ಬರೆದು, ಅವ ಬೇರೆ ಎಂತಾದರೂ ಓದಿ ಅಂದರೆ? ನಾನು ಬಾಯಿ ಬಿಟ್ಟುಕೊಂಡು ನಿಲ್ಲುವುದಾ?" ದಿನಾ ಗದ್ದೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಚಿಕ್ಕಮಕ್ಕಳ ಮಣೆಯ ಮೇಲೆ ಕೂರುತ್ತಿದ್ದರು. ಬಳಪ ಹಿಡಿಯುವುದು ಕತ್ತಿ ಹಿಡಿದ ಹಾಗೆ; ಒತ್ತಿ ಬರೆದು ಎಷ್ಟೋ ಬಳಪ ಮುರಿದರು. ಮಹಾಪ್ರಾಣ ಕಂಡರೆ ಆಗುತ್ತಿರಲಿಲ್ಲ. "ನಮ್ಮ ತುಳುವಿನಲ್ಲಿ ಇಷ್ಟು ಉಸಿರು ಹಾಳುಮಾಡುವುದಿಲ್ಲ ಮಾರಾಯ್ರೆ," ಎನ್ನುತ್ತಿದ್ದರು. ಮೂರು ತಿಂಗಳಲ್ಲಿ ಒಂದನೇ ಪುಸ್ತಕ ಮುಗಿಸಿದರು. ಪೇಟೆಗೆ ಹೋದರೆ ಅಂಗಡಿ ಬೋರ್ಡುಗಳ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದರಂತೆ, ತಪ್ಪು ಬರೆದವನಿಗೆ ಹೇಳಿಯೂ ಬರುತ್ತಿದ್ದರಂತೆ.

ಕಚೇರಿಗೆ ನಾನೂ ಜೊತೆಗೆ ಹೋದೆ. ಅಧಿಕಾರಿ ಗೋಡೆಯ ಮೇಲಿದ್ದ ನೋಟೀಸು ತೋರಿಸಿದ. ದುಗ್ಗಕ್ಕ ತಲೆಬರಹದಿಂದ ಕೆಳಗಿನ ಸಹಿಯವರೆಗೆ ಓದಿದರು. ಬರೆಯಿರಿ ಎಂದದ್ದಕ್ಕೆ ದುಗ್ಗಮ್ಮ ಎಂದು ತಮ್ಮ ಪೂರ್ತಿ ಹೆಸರು, ತಾಯಿಯ ಹೆಸರು, ಊರು ಬರೆದುಕೊಟ್ಟರು. ಅರ್ಜಿ ಪಾಸಾಯಿತು. ಹಿಂದೆ ಬರುವಾಗ ನನಗೆ ಬೆಲ್ಲದ ಕಾಫಿ ಕುಡಿಸಿದರು.

ಮತದಾನದ ದಿನ ಹೆಂಗಸರ ಬೂತಿನಲ್ಲಿ ನಾನು ಸಹಾಯಕಿ. ಓಟು ಹಾಕಿದವರ ಹೆಸರಿನ ಕೆಳಗೆ ಪಟ್ಟಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಬೆಳಿಗ್ಗೆಯೇ ದುಗ್ಗಕ್ಕ ಅಂಚಿನ ಸೀರೆ ಉಟ್ಟು ಬಂದರು. ಮುಂದೆ ಅತ್ತಿಗೆ, ಹಿಂದೆ ಇವರು. ಅತ್ತಿಗೆ ಓಟು ಹಾಕಿ ಹೊರಗೆ ಹೋದಳು. ದುಗ್ಗಕ್ಕ ಹೆಸರು ಹೇಳಿದರು. ನಾನು ಪಟ್ಟಿಯಲ್ಲಿ ಬೆರಳಾಡಿಸಿದೆ. ದುಗ್ಗಮ್ಮ ಎಂಬ ಹೆಸರು ಇರಲಿಲ್ಲ. ಅತ್ತಿಗೆಯ ಸಾಲಿನ ಕೆಳಗೆ ಹೀಗೆ ಅಚ್ಚಾಗಿತ್ತು: ಸಂಕಪ್ಪನ ತಂಗಿ.

ಒಬ್ಬ ಅಭ್ಯರ್ಥಿಯ ಏಜೆಂಟ್ ಬಾಗಿಲಲ್ಲಿ ಕೂತಿದ್ದವನು ಎದ್ದು ಬಂದ. ಸಂಕಪ್ಪ ಅದೇ ಅಭ್ಯರ್ಥಿಗಾಗಿ ಊರೆಲ್ಲ ತಿರುಗುತ್ತಿದ್ದ. ತಂಗಿ ಎದುರಿನವನಿಗೆ ಹಾಕುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. "ಸಂಕಪ್ಪನಿಗೆ ಮೂವರು ತಂಗಿಯಂದಿರು," ಎಂದ ಏಜೆಂಟ್. "ಇವರು ಯಾವ ತಂಗಿ? ನನ್ನ ಆಕ್ಷೇಪ ಉಂಟು."

"ಉಳಿದ ಇಬ್ಬರಿಗೆ ಓದಲು ಬರುವುದಿಲ್ಲ. ಅರ್ಜಿ ಕೊಟ್ಟದ್ದು ನಾನು," ಎಂದರು ದುಗ್ಗಕ್ಕ.

ಬೂತಿನ ಅಧಿಕಾರಿ ನನ್ನ ಕಡೆ ತಿರುಗಿದ. "ಟೀಚರ್, ನಿಮಗೆ ಇವರ ಗುರುತು ಉಂಟಾ?"

ಏಜೆಂಟ್ ನನ್ನನ್ನೇ ನೋಡುತ್ತಿದ್ದ. ಆ ಅಭ್ಯರ್ಥಿ ನಮ್ಮ ಶಾಲೆಯ ಮ್ಯಾನೇಜರರ ಭಾವ. ನನ್ನ ಸಂಬಳದಲ್ಲಿ ತಾಯಿ, ಇಬ್ಬರು ತಮ್ಮಂದಿರು ಊಟ ಮಾಡುತ್ತಿದ್ದರು. ದುಗ್ಗಕ್ಕನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ತಲೆ ತಗ್ಗಿಸಿ, "ನನಗೆ ಸರಿಯಾಗಿ ಗೊತ್ತಿಲ್ಲ," ಎಂದೆ.

ದುಗ್ಗಕ್ಕನನ್ನು ಹೊರಗೆ ಕಳಿಸಿದರು.

ಹೆಸರು ತೆಗೆಸಿದವನು ಸಂಕಪ್ಪನೇ. ಮರ್ಯಾದಸ್ಥರ ಮನೆಯ ಹೆಂಗಸಿನ ಹೆಸರನ್ನು ಅಚ್ಚು ಹಾಕಿ ಕಚೇರಿಯ ಗೋಡೆಗೆ ಅಂಟಿಸುವುದು ಚೆಂದವಲ್ಲ ಎಂದು ಗುಮಾಸ್ತನಿಗೆ ಹೇಳಿದ್ದನಂತೆ. ಹಾಗಾದರೆ ಅವನ ಹೆಂಡತಿಯ ಹೆಸರು ಹೇಗೆ ಬಂತೋ, ಆ ಮರ್ಯಾದೆ ಯಾವ ಜಾತಿಯದೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮರುದಿನ ಅವರು ಬರಲಾರರು ಎಂದುಕೊಂಡಿದ್ದೆ. ಅದೇ ಹೊತ್ತಿಗೆ ಬಂದು ಅದೇ ಮಣೆಯ ಮೇಲೆ ಕೂತರು. "ನೀವು ನನ್ನ ಮುಖ ನೋಡಲಿಲ್ಲ ಟೀಚರ್," ಎಂದರು. ನಾನು ಕಪ್ಪುಹಲಗೆ ಒರೆಸತೊಡಗಿದೆ. ಅವರು ಬಳಪ ಎತ್ತಿಕೊಂಡು, "ಎರಡನೇ ಪುಸ್ತಕ ತೆಗೆಯಿರಿ. ಇನ್ನು ಅರ್ಜಿ ನಾನೇ ಬರೆಯಬೇಕು," ಎಂದರು.

ಬರೆದರು. ಯುದ್ಧ ಬಂದು ಚುನಾವಣೆ ಮುಂದೆ ಹೋಯಿತು, ಅವರ ಅರ್ಜಿ ಮಾತ್ರ ವರ್ಷವರ್ಷವೂ ಹೋಯಿತು. ಒಂದು ನನಗೆ ಬಾಯಿಪಾಠ ಉಂಟು: "ನಾನು ಸಂಕಪ್ಪನ ತಂಗಿ ಹೌದು. ಸಂಕಪ್ಪ ನನ್ನ ಅಣ್ಣನೂ ಹೌದು. ಅವನನ್ನು ದುಗ್ಗಮ್ಮನ ಅಣ್ಣ ಎಂದು ನೀವು ಬರೆದಿಲ್ಲ. ನನ್ನ ಹೆಸರು ಬರೆಯುವುದು." ತಿದ್ದಲು ಕೊಟ್ಟಿದ್ದರು. ನಾನು ಒಂದಕ್ಷರ ಮುಟ್ಟಲಿಲ್ಲ.

ಯುದ್ಧ ಮುಗಿದು ಹೊಸ ಪಟ್ಟಿ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ಕಾಲಿಗೆ ನೀರು ತುಂಬಿತ್ತು. ಆ ಪುಟವನ್ನು ಕೇಳಿ ತಂದು ಅವರ ಕೈಯಲ್ಲಿಟ್ಟೆ. ದುಗ್ಗಮ್ಮ ಎಂದು ಪೂರ್ತಿ ಅಚ್ಚಾಗಿತ್ತು. ಸಂತೋಷಪಡುತ್ತಾರೆ ಎಂದುಕೊಂಡು ಕಾದೆ. ಅವರು ತಮ್ಮ ಹೆಸರು ನೋಡಿ, ಮತ್ತೆ ಬೆರಳಿಟ್ಟುಕೊಂಡು ಕೆಳಗೆ ಕೆಳಗೆ ಓದುತ್ತ ಹೋದರು. ಪುಟ ಮುಗಿಯಿತು.

"ಬಾಗಿ ಎಲ್ಲಿ?"

ಬಾಗಿ ಅವರ ಗದ್ದೆಯಲ್ಲಿ ಮೂವತ್ತು ವರ್ಷ ಭತ್ತದ ನೇಜಿ ನೆಟ್ಟವಳು. "ಅವಳಿಗೆ ಭೂಮಿ ಇಲ್ಲ, ಅಕ್ಷರ ಬರುವುದಿಲ್ಲ ದುಗ್ಗಕ್ಕ," ಎಂದೆ.

"ಮೊನ್ನೆ ನನಗೂ ಬರುತ್ತಿರಲಿಲ್ಲ." ನಾನು ಅವರ ಬಾಯಿಯ ಹತ್ತಿರ ಕಿವಿ ಇಟ್ಟಿದ್ದೆ. ಕಾಯಿಲೆಯಿಂದ ಸ್ವರ ಇಳಿದಿದೆ ಎಂದು ಮನೆಯವರು ತಿಳಿದರು. "ನೆಟ್ಟವಳಿಗೆ ಇಲ್ಲದ್ದು ಎಂಥ ಓಟು? ನಾನು ನನ್ನದೊಂದೇ ಕೇಳಿದೆ. ಅದು ತಪ್ಪಾಯಿತು." ಕಾಗದ ನನಗೇ ವಾಪಸು ಕೊಟ್ಟರು.

ಹದಿನೈದು ದಿನದಲ್ಲಿ ತೀರಿಕೊಂಡರು.

ಮತದಾನದ ದಿನ ನಾನು ಮತ್ತೆ ಅದೇ ಬೂತಿನಲ್ಲಿ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮುಖದ ತನಕ ಸೆರಗು ಎಳೆದುಕೊಂಡ ಹೆಂಗಸೊಬ್ಬಳು ಬಂದು, "ದುಗ್ಗಮ್ಮ," ಎಂದಳು. ಬಾಗಿಲ ಹೊರಗೆ ಸಂಕಪ್ಪ ಕೊಡೆ ಊರಿ ನಿಂತಿದ್ದ. ಬದುಕಿದ್ದಾಗ ಅಚ್ಚು ಹಾಕಲು ನಾಚಿಕೆಯಾದ ಹೆಸರು ಸತ್ತ ಮೇಲೆ ಅವನಿಗೆ ಬೇಕಾಗಿತ್ತು. ಏಜೆಂಟ್ ಈ ಸಲ ಕೂತಲ್ಲಿಂದ ಏಳಲಿಲ್ಲ.

"ಇವರು ದುಗ್ಗಮ್ಮ ಅಲ್ಲ," ಎಂದೆ ನಾನು. "ದುಗ್ಗಮ್ಮ ತೀರಿಕೊಂಡಿದ್ದಾರೆ."

"ನಿಮಗೆ ಹೇಗೆ ಗೊತ್ತು ಟೀಚರ್?" ಎಂದು ಅಧಿಕಾರಿ ಕೇಳಿದ.

"ಅವರ ಉತ್ತರಕ್ರಿಯೆಗೆ ಹೋಗಿ ಬೊಜ್ಜದ ಊಟ ಮಾಡಿ ಬಂದಿದ್ದೇನೆ. ಹೊರಗೆ ನಿಂತಿರುವ ಅವರ ಅಣ್ಣನೇ ಬಡಿಸಿದ್ದು. ಕರೆದು ಕೇಳಿ."

ಯಾರೂ ಕರೆಯಲಿಲ್ಲ. ಹೆಂಗಸು ಹೊರಟುಹೋದಳು. ಮುಂದಿನ ವರ್ಷ ಮ್ಯಾನೇಜರರು ನನ್ನನ್ನು ಬೈಕಂಪಾಡಿಯ ಕಡೆಯ ಶಾಲೆಗೆ ದಾಟಿಸಿದರು. ಹೋದೆ. ಹೊಳೆ ದಾಟಿ ಹೋಗಲೂ ನನಗೆ ಬೇಜಾರಿರಲಿಲ್ಲ. ಒಂಬತ್ತು ವರ್ಷ ಮೊದಲು ಆಡಬೇಕಾದ ಮಾತನ್ನು, ಕೇಳಬೇಕಾದವರು ಇಲ್ಲದಾಗ ಆಡಿದೆ ಎಂಬ ಸಿಟ್ಟು ಉಂಟಲ್ಲ, ಅದು ಯಾವ ಊರಿಗೆ ಹೋದರೂ ಇಳಿಯಲಿಲ್ಲ.

ಆ ಮತದಾನದ ಸಂಜೆ ಕಾಗದಗಳನ್ನು ಕಟ್ಟುವ ಮೊದಲು ಪಟ್ಟಿಯನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ. ಸಂಕಪ್ಪನ ಹೆಂಡತಿಯ ಹೆಸರಿನ ಕೆಳಗೆ ಗೆರೆ. ದುಗ್ಗಮ್ಮ ಎಂಬಲ್ಲಿ ಕಾಗದ ಬಿಳಿಯಾಗಿತ್ತು.