ಸೋಮಣ್ಣ ಹಾಕಿಸಿದ ಪ್ಲಾಸ್ಟರ್

೧೯೯೩ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಮೂಳೆ ತಜ್ಞನಾಗಿ ಹತ್ತು ವರ್ಷ ಕಳೆದಿದ್ದೆ. ಗದಗ ರಸ್ತೆಯ ಕಡೆ ನನ್ನದೊಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ಕೆಳಗೆ ಓಪಿಡಿ, ಎಕ್ಸ್‌ರೇ ಕೋಣೆ. ಮೇಲೆ ಎಂಟು ಹಾಸಿಗೆ. ಬೆಳಿಗ್ಗೆ ಎಪಿಎಂಸಿಯ ಹಮಾಲರು, ಸ್ಕೂಟರ್ ಮೇಲಿಂದ ಬಿದ್ದವರು, ಬಚ್ಚಲಲ್ಲಿ ಜಾರಿದ ಅಜ್ಜಿಯರು ಬರುತ್ತಿದ್ದರು. ಸಂಜೆ ಫುಟ್‌ಬಾಲಿನವರ ಪಾಳಿ. ಕ್ರಿಕೆಟ್ ಆಡುವವರು ಅಪರೂಪಕ್ಕೆ ಒಂದು ಬೆರಳು ಮುರಿದುಕೊಂಡು ಬಂದರೆ ಇವರು ವಾರಕ್ಕೊಂದು ಕಾಲು ತರುತ್ತಿದ್ದರು. ಆ ಆಟದ ಮೇಲೆ ನನಗೆ ಆಗ ಪ್ರೀತಿ ಇರಲಿಲ್ಲ, ಈಗಲೂ ಇಲ್ಲ. ಆದರೂ ನಿವೃತ್ತಿಯಾದ ಮೇಲೆ ಯಾರಾದರೂ ಮರೆಯದ ಕೇಸ್ ಯಾವುದು ಎಂದು ಕೇಳಿದರೆ ನಾನು ಹೇಳುವುದು ಒಬ್ಬ ಫುಟ್‌ಬಾಲ್ ಮ್ಯಾನೇಜರನ ಕೇಸನ್ನೇ.

ಅವನ ಹೆಸರು ಮಂಡೇ ಒಕೊರೊ. ನೈಜೀರಿಯಾದ ಎನುಗು ಊರಿನವನು. ಧಾರವಾಡಕ್ಕೆ ಕೃಷಿ ಪದವಿ ಓದಲು ಬಂದು, ಓದಿಗಿಂತ ಹೆಚ್ಚಾಗಿ ಹುಬ್ಬಳ್ಳಿಯ ಒಂದು ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಿದ್ದ. ಮಂಡೇ ಎಂದರೆ ಸೋಮವಾರ ಎಂದು ಗೊತ್ತಾದ ದಿನದಿಂದ ಇಡೀ ಊರು ಅವನನ್ನು ಸೋಮಣ್ಣ ಎಂದೇ ಕರೆಯಿತು. ಕನ್ನಡವನ್ನು ಅವನು ಕಲಿತದ್ದು ಮೈದಾನದಲ್ಲಿ. ಹಾಗಾಗಿ ಮೊದಮೊದಲು ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುತ್ತಿದ್ದ. ಮೊದಲ ಭೇಟಿಯಲ್ಲೇ ನನ್ನ ಕಂಪೌಂಡರನ ಎದುರಿಗೆ ನನಗೆ, "ಡಾಕ್ಟರ್, ನೀ ಊಟಾ ಮಾಡೀಯೇನು?" ಎಂದ. ಆಮೇಲೆ ಯಾರೋ ಬುದ್ಧಿ ಹೇಳಿರಬೇಕು, ಎಲ್ಲದಕ್ಕೂ 'ರಿ' ಹಚ್ಚತೊಡಗಿದ. ನಮ್ಮ ಮನೆಯ ನಾಯಿಗೂ "ಬರ್ರಿ" ಎನ್ನುತ್ತಿದ್ದ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಐದು ಜನ ಅವನನ್ನು ಆಟೋದಿಂದ ಇಳಿಸಿ ಹೊತ್ತು ತಂದರು. ಬಲ ಮೊಣಕಾಲು ಊದಿತ್ತು. ಊತ ಇಳಿದ ಮೇಲೆ ಡ್ರಾವರ್ ಟೆಸ್ಟ್ ಮಾಡಿದೆ. ಮೊಣಕಾಲು ಮಡಚಿಸಿ, ಕೆಳಗಾಲನ್ನು ಹಿಡಿದು ಮುಂದಕ್ಕೆ ಎಳೆಯುವ ಪರೀಕ್ಷೆ ಅದು. ಟೇಬಲ್ಲಿನ ಡ್ರಾವರಿನ ಹಾಗೆ ಸರಾಗವಾಗಿ ಮುಂದೆ ಬಂದರೆ ಒಳಗಿನ ಎಸಿಎಲ್, ಅಂದರೆ ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ಕಟ್ಟಿದ ಹುರಿ, ಹರಿದಿದೆ ಎಂದರ್ಥ. ಅವನದು ಪೂರ್ತಿ ಹರಿದಿತ್ತು. ಅದನ್ನು ಕಟ್ಟುವ ಸರ್ಜರಿ ಆಗ ನಮ್ಮಲ್ಲಿ ಇರಲಿಲ್ಲ. ಮುಂಬೈಗೆ ಹೋಗುವ ಶಕ್ತಿ ಅವನಿಗೆ ಇರಲಿಲ್ಲ. ಇನ್ನು ಆಟ ಮುಗಿಯಿತು ಎಂದು ನೇರವಾಗಿ ಹೇಳಿದೆ. ಇಂಥ ಮಾತನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಅವನು ಮಂಚದಿಂದ ಕಾಲು ಇಳಿಬಿಟ್ಟು ಮೊಣಕಾಲನ್ನು ಒಮ್ಮೆ ಮಡಚಿ ನೋಡಿದ. ಆಮೇಲೆ ಕೇಳಿದ: "ನಡೀಬೋದೇನ್ರಿ?"

"ನಡೀಬೋದು."

"ನಿಂದ್ರಬೋದೇನ್ರಿ? ಒಂದೂವರಿ ತಾಸು?"

"ನಿಂದ್ರಬೋದು."

"ಹಂಗಾರ ಮ್ಯಾನೇಜರ್ ಆಗ್ತೇನ್ರಿ. ಅಂವಂದು ನಿಂದ್ರೂದ ಕೆಲಸ."

ಅಷ್ಟು ಸುಲಭವಾಗಿ ಆಗಲಿಲ್ಲ. ನಮ್ಮ ಕಡೆ ಆಗ ಮ್ಯಾನೇಜರ್ ಎಂದರೆ ಚೆಂಡು, ಜರ್ಸಿ, ನಿಂಬೆಹಣ್ಣು ಹೊತ್ತು ತರುವವನು. ತಾನು ಒದೆಯದೆ ಬರೇ ಬಾಯಿಂದ ಆಟ ಹೇಳಿಕೊಡುವವನಿಗೆ ಯಾಕೆ ಅನ್ನ ಹಾಕಬೇಕು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷರು ಗುರುಸಿದ್ಧಪ್ಪ ಎಂಬ ಹತ್ತಿ ವ್ಯಾಪಾರಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಅವರು ಸೋಮಣ್ಣನನ್ನು ಕೈಬಿಡಲಿಲ್ಲ. ತಮ್ಮ ಗೋದಾಮಿನ ಹಿಂದಿನ ಒಂದು ಕೋಣೆ ಕೊಟ್ಟರು, ಖಾನಾವಳಿಯಲ್ಲಿ ಎರಡು ಹೊತ್ತಿನ ಊಟಕ್ಕೆ ಹೇಳಿದರು. ಓದು ಮುಂದುವರಿಸಿಕೊಂಡೇ ಅವನು ಮೂರು ವರ್ಷ ಆ ತಂಡವನ್ನು ತಿದ್ದಿದ. ಬೆಳಗಿನ ಜಾವ ಹುಡುಗರನ್ನು ಮೈದಾನಕ್ಕೆ ಎಳೆದು ತರುತ್ತಿದ್ದ. ಮ್ಯಾಚಿಗೆ ಮುಂಚೆ ಗಿರ್ಮಿಟ್ ಮಿರ್ಚಿ ತಿನ್ನಬಾರದು ಎಂದು ಕಾನೂನು ಮಾಡಿದ. ಅದನ್ನು ಮುರಿದ ಗೋಲ್ ಕೀಪರನನ್ನು ಒಂದು ಮ್ಯಾಚಿಗೆ ಹೊರಗೆ ಕೂರಿಸಿದ ಸುದ್ದಿ ಊರಿಗೆಲ್ಲ ನಗೆಪಾಟಲಾಗಿತ್ತು. ಯಾರಿಗೆ ಏಟು ಬಿದ್ದರೂ ಸ್ವತಃ ನನ್ನ ಓಪಿಡಿಗೆ ಕರೆತಂದು, ತಾನೂ ಎಕ್ಸ್‌ರೇ ನೋಡಿ, ನೂರು ಪ್ರಶ್ನೆ ಕೇಳುತ್ತಿದ್ದ. ಕೆಲವು ಸಂಜೆ ನನಗೆ ರೇಗುತ್ತಿತ್ತು.

೧೯೯೬ರ ಚಳಿಗಾಲದಲ್ಲಿ ಆ ತಂಡ ಮೊದಲ ಸಲ ಊರಿನ ದೊಡ್ಡ ಟೂರ್ನಮೆಂಟಿನ ಫೈನಲ್ ತಲುಪಿತು. ಅದಕ್ಕೆ ಕಾರಣ ಬಸವರಾಜ ಎಂಬ ಹುಡುಗ. ಹತ್ತಿರದ ಸುಳ್ಳ ಎಂಬ ಹಳ್ಳಿಯ ರೈತರ ಮಗ, ಹತ್ತೊಂಬತ್ತು ವರ್ಷ, ಸೈಕಲ್ ತುಳಿದುಕೊಂಡು ಪ್ರಾಕ್ಟೀಸಿಗೆ ಬರುತ್ತಿದ್ದ. ಸೋಮಣ್ಣ ಅವನಲ್ಲಿ ಏನು ಕಂಡಿದ್ದನೋ, ಮಾತೆತ್ತಿದರೆ ಬಸೂ, ಬಸೂ. ಸೆಮಿಫೈನಲಿನಲ್ಲಿ ಗೋಲು ಹೊಡೆದ ಬಸು ಅದೇ ಮ್ಯಾಚಿನ ಕೊನೆಗೆ ಪಾದ ತಿರುಚಿಕೊಂಡು ಬಿದ್ದ. ನನ್ನ ಬಳಿ ಬಂದಾಗ ಹರಡಿನ, ಅಂದರೆ ಪಾದದ ಕೀಲಿನ, ಹೊರಬದಿ ಬದನೆಕಾಯಿಯಷ್ಟು ಊದಿತ್ತು, ಬಣ್ಣವೂ ಅದೇ ಆಗಿತ್ತು. ಮೂಳೆ ಮುರಿದಿರಲಿಲ್ಲ, ಆದರೆ ಲಿಗಮೆಂಟ್ ಹರಿದಿತ್ತು. ಊತ ಇಳಿದ ಮೇಲೆ ಆರು ವಾರ ಪ್ಲಾಸ್ಟರ್ ಹಾಕಬೇಕು ಎಂದೆ. ಫೈನಲಿಗೆ ಉಳಿದಿದ್ದದ್ದು ನಾಲ್ಕೇ ದಿನ.

ಮರುದಿನ ಕಾಕಾ ಬಂದರು. ನನ್ನ ತಂದೆಯ ಕಾಲದಿಂದ ಪರಿಚಯ. ಚಹಾ ಕುಡಿದು, ಮನೆಯವರನ್ನೆಲ್ಲ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು.

"ಡಾಕ್ಟ್ರ, ಒಂದ ಸೂಜಿ ಹಾಕ್ರಿ ಹುಡುಗ್ಗ. ಎರಡ ತಾಸು ನೋವು ಗೊತ್ತಾಗಬಾರ್ದು, ಅಷ್ಟ. ಮ್ಯಾಚ್ ಮುಗದಮ್ಯಾಲ ನಿಮ್ಮ ಪ್ಲಾಸ್ಟರ್ ಹಾಕ್ರಿ, ಯಾರ್ ಬ್ಯಾಡ ಅಂದಾರ?"

ಅವರು ಹೇಳಿದ್ದು ಲೋಕಲ್ ಅನೆಸ್ತೇಶಿಯಾ, ಜಾಗ ಮರಗಟ್ಟಿಸುವ ಔಷಧಿ. ನೋವು ಕಾಲಿನ ಕಾವಲುಗಾರ. ಅವನನ್ನು ಮಲಗಿಸಿ ಆಡಿದರೆ ಉಳಿದ ಎಳೆಗಳೂ ಹರಿಯುತ್ತವೆ, ಹುಡುಗನ ಹರಡು ಜನ್ಮಪೂರ್ತಿ ಸಡಿಲಾಗಿ ಉಳಿಯುತ್ತದೆ. ಇದನ್ನು ಕಾಕಾಗೆ ವಿವರಿಸಿ, ಹಾಕುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ.

"ನೀವು ಹಾಕ್ಲಿಲ್ಲಂದ್ರ ಊರಾಗ ಬ್ಯಾರೆ ಡಾಕ್ಟ್ರು ಇಲ್ಲೇನ್ರಿ?" ಎಂದು ಎದ್ದರು.

ಇದ್ದರು. ಅದು ನನಗೂ ಗೊತ್ತಿತ್ತು.

ಫೈನಲಿನ ಹಿಂದಿನ ಸಂಜೆ, ಕೊನೆಯ ಪೇಷಂಟ್ ಹೋದ ಮೇಲೆ ಸೋಮಣ್ಣ ಒಳಗೆ ಬಂದ. ಬಾಗಿಲು ಮುಂದೆ ಮಾಡಿ, ಪರೀಕ್ಷೆಯ ಮಂಚದ ಮೇಲೆ ಕೂತು, ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ.

"ಸೂಜಿ ನನಗ ಹಾಕ್ರಿ," ಎಂದ.

ಕಾಕಾ ಅವನಿಗೆ ಹೇಳಿದ್ದರಂತೆ: ನಾಳೆ ಬಸು ಆಡಬೇಕು, ಇಲ್ಲವೇ ನೀನು ಇಳಿಯಬೇಕು, ಜನ ಬರುವುದು ಇಬ್ಬರಲ್ಲಿ ಒಬ್ಬರನ್ನು ನೋಡಲು. ಎರಡೂ ಆಗದಿದ್ದರೆ ಕೋಣೆಯ ಕೀಲಿ ಕೊಟ್ಟು ಹೋಗು. ಮರುದಿನ ಬೆಳಿಗ್ಗೆ ಬಸುವನ್ನು ಇನ್ನೊಬ್ಬ ಡಾಕ್ಟರಲ್ಲಿಗೆ ಕರೆದೊಯ್ಯುವುದೂ ನಿಶ್ಚಯವಾಗಿತ್ತು.

"ನಾ ಆಡಿದ್ರ ಬಸೂನ ಬಿಡ್ತಾರ್ರಿ. ನನ್ನ ಮೊಣಕಾಲು ಹೆಂಗೂ ಹೋಗೇತಿ. ಅದಕ್ಕ ಇನ್ನೇನ್ ಆಗೂದೈತಿ?"

ಆಗುವುದು ಬಹಳ ಇತ್ತು. ಹುರಿಯಿಲ್ಲದ ಮೊಣಕಾಲಿನಲ್ಲಿ ಓಡಿ ತಿರುಗಿದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಮೆನಿಸ್ಕಸ್ ಎನ್ನುತ್ತೇವೆ, ಅದು ಅರೆದುಹೋಗುತ್ತದೆ. "ನಾಲ್ವತ್ತಕ್ಕ ಕೋಲು ಹಿಡದು ಅಡ್ಡ್ಯಾಡಬೇಕಾಗ್ತೈತಿ," ಎಂದೆ. ಅದಕ್ಕೂ ಅವನು ತಯಾರಾಗಿದ್ದ. ನಾನು ತಯಾರಿರಲಿಲ್ಲ. ಇವನಿಗೂ ಇಲ್ಲ ಎಂದೆ. ದಿನವಿಡೀ ಓಪಿಡಿ ನೋಡಿ ನನಗೆ ಸಾಕಾಗಿತ್ತು. ಇಬ್ಬರಿಗೂ ಇಲ್ಲ ಎಂದು ಹೇಳಿಯಾಯಿತು, ಇನ್ನು ಮನೆಗೆ ಹೋಗೋಣ ಎಂದು ಸ್ಟೆತಾಸ್ಕೋಪ್ ಎತ್ತಿಟ್ಟೆ.

ಅವನು ಏಳಲಿಲ್ಲ. ಮೇಲೇರಿಸಿದ ಪ್ಯಾಂಟನ್ನು ಮತ್ತೆ ಪಾದದವರೆಗೆ ಎಳೆದುಕೊಂಡು ಕೇಳಿದ: "ಸಾಹೇಬ್ರ, ನೀವು ಹಾಕಿದ ಪ್ಲಾಸ್ಟರ್ ಬ್ಯಾರೆ ಡಾಕ್ಟ್ರು ಒಡೀತಾರೇನ್ರಿ?"

ಒಡೆಯುವುದಿಲ್ಲ. ನಮ್ಮ ವೃತ್ತಿಯಲ್ಲಿ ಅದು ಬರೆಯದ ರೂಢಿ. ಒಬ್ಬ ಹಾಕಿದ ಪ್ಲಾಸ್ಟರನ್ನು ಇನ್ನೊಬ್ಬ ಕಾರಣವಿಲ್ಲದೆ ಒಡೆದರೆ, ಮುಂದೆ ಆ ಕಾಲಿಗೆ ಏನೇ ಆದರೂ ಅವನೇ ಹೊಣೆ. ಸೂಜಿ ಹಾಕಲು ಹಿಂದೆಮುಂದೆ ನೋಡದವರೂ ಇದಕ್ಕೆ ಕೈ ಹಾಕುವುದಿಲ್ಲ. ನನ್ನ ಓಪಿಡಿಯಲ್ಲಿ ಮೂರು ವರ್ಷ ಕೂತು ಕೂತು ಅವನು ಇದನ್ನು ಗಮನಿಸಿದ್ದ. ಊತ ಆಗಲೇ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹತ್ತಿ ದಪ್ಪಗೆ ಸುತ್ತಿ ಆ ಸಂಜೆಯೇ ಹಾಕಿದರೆ ವೈದ್ಯಕೀಯವಾಗಿ ತಪ್ಪೇನೂ ಇರಲಿಲ್ಲ.

"ಹುಡುಗ ಎಲ್ಲಿ ಅದಾನ?"

"ಹೊರಗ ಆಟೋದಾಗ ಕುಂಡ್ರಿಸೇನ್ರಿ."

ಬಸು ಕುಂಟುತ್ತ ಒಳಗೆ ಬಂದ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ಸೂಜಿ ಹಾಕಿಸಿಕೊಂಡು ಆಡಿದರೆ ಏನಾಗುತ್ತದೆ, ಪ್ಲಾಸ್ಟರ್ ಹಾಕಿಸಿಕೊಂಡರೆ ಏನಾಗುತ್ತದೆ. ಕಾಲು ನಿನ್ನದು, ನೀನು ಹೂಂ ಅನ್ನದೆ ಹಾಕುವುದಿಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಲಿಲ್ಲ. ಸೋಮಣ್ಣನ ಕಡೆ ತಿರುಗಿದ.

"ನಿನಗ ಆಡಾಕ ಆಗೂದಿಲ್ಲ, ಅದಕ್ಕ ಯಾರನೂ ಆಡಾಕ ಬಿಡೂದಿಲ್ಲ ನೀ. ನಾ ಸುಳ್ಳದಿಂದ ಇದಕ್ಕ ಬರ್ತಿದ್ನೇನು, ಹೊರಗ ಕುಂತು ನೋಡಾಕ?"

ಬಸು ಬಹಳ ಹೊತ್ತು ಅತ್ತ. ಕೊನೆಗೆ ಗೋಡೆಯ ಕಡೆ ಮುಖ ಮಾಡಿ, "ಹಾಕ್ರಿ, ಹಾಕಿ ಮುಗಸ್ರಿ," ಎಂದು ಕಾಲು ಚಾಚಿದ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಪಾದವನ್ನು ನೆಟ್ಟಗೆ ಹಿಡಿದಿರಬೇಕು. ಕಂಪೌಂಡರ್ ಮನೆಗೆ ಹೋಗಿದ್ದ. ಸೋಮಣ್ಣನೇ ಎರಡೂ ಕೈಯಿಂದ ಹಿಡಿದು ನಿಂತ. ತನಗೆ ಬಾಯಿಗೆ ಬಂದಂತೆ ಅಂದ ಹುಡುಗನ ಕಾಲನ್ನು ಅಷ್ಟು ಜೋಪಾನವಾಗಿ ಹಿಡಿದವರನ್ನು ನಾನು ಕಂಡಿಲ್ಲ.

ಮರುದಿನ ಜೀವನದಲ್ಲಿ ಮೊದಲ ಸಲ ಫುಟ್‌ಬಾಲ್ ನೋಡಲು ಹೋದೆ. ಬಸುವಿನ ಕಾಲು ನೋಡಿ ಕಾಕಾಗೆ ಎಲ್ಲವೂ ತಿಳಿದಿತ್ತು. ಆಟ ಶುರುವಾಗುವ ಮೊದಲು ಅವರು ಸೋಮಣ್ಣನಿಗೆ, "ಹಂಗಾರ ನೀ ಇಳಿ," ಎಂದರು. "ಡಾಕ್ಟ್ರು ಬ್ಯಾಡ ಅಂದಾರ್ರಿ," ಎಂದ ಅವನು. ಕಾಕಾ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ ನನ್ನ ಪಾಲಿನ ಕೆಲಸ.

ಗ್ಯಾಲರಿಯ ಜನ ಮೊದಲರ್ಧ ತಮಾಷೆಗೆ ಕೂಗಿದರು: "ಸೋಮಣ್ಣಾ, ಇಳಿಯೋ!" ಎರಡನೇ ಅರ್ಧದಲ್ಲಿ ಎದುರು ತಂಡ ಒಂದು ಗೋಲು ಹೊಡೆದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಹೇಡಿ ಎಂದರು, ಮೈಬಣ್ಣ ಹಿಡಿದು ಬೈದರು, ಬರೆಯಲು ನಾಚಿಕೆಯಾಗುವಂಥದ್ದನ್ನೂ ಅಂದರು. ಅವನು ಗೆರೆಯ ಪಕ್ಕದಲ್ಲಿ ನಿಂತು ತನ್ನ ಹುಡುಗರಿಗೆ ಮಾತ್ರ ಏನೇನೋ ಹೇಳುತ್ತಿದ್ದ. ಒಂದು ಗೋಲಿನಿಂದ ಸೋತರು.

ಆ ವಾರವೇ ಗೋದಾಮಿನ ಕೋಣೆಗೆ ಬೀಗ ಬಿತ್ತು. ನಾನು ಕಾಕಾ ಜೊತೆ ಮಾತಾಡಿದೆ. "ನೀವು ಡಾಕ್ಟ್ರು, ನಿಮ್ಮ ಕೆಲಸ ನೀವು ಮಾಡೀರಿ. ನನಗ ಸಿಟ್ಟಿಲ್ಲ," ಎಂದರು. "ಆದ್ರ ಮ್ಯಾನೇಜರ್ ನನ್ನ ಮಾತು ಮೀರಿದ್ರ ನಾ ಹೆಂಗ್ ಇಟ್ಕೊಳ್ಳಲಿ?" ಅವರು ಕೆಟ್ಟ ಮನುಷ್ಯರಲ್ಲ. ನನ್ನ ಇಪ್ಪತ್ತು ಪೇಷಂಟುಗಳ ಬಿಲ್ಲನ್ನು ಹೆಸರು ಹೇಳದೆ ತುಂಬಿದವರು. ಸೋಮಣ್ಣ ಒಂದು ತಿಂಗಳು ನಮ್ಮ ನರ್ಸಿಂಗ್ ಹೋಮಿನ ಮೇಲಿನ ಹಾಸಿಗೆಯಲ್ಲಿ ಮಲಗಿದ, ಸ್ಟ್ರೆಚರ್ ಹಿಡಿದ, ಅಜ್ಜಿಯರನ್ನು ನಡೆಸಿದ. ಆಮೇಲೆ ಗೋವಾದ ಯಾವುದೋ ತಂಡದಲ್ಲಿ ಕೆಲಸ ಸಿಕ್ಕಿ ಹೋದ. ಬಸು ಪ್ಲಾಸ್ಟರ್ ಬಿಚ್ಚಿಸಲು ಬಂದಾಗ, "ಸೋಮಣ್ಣ ಎಲ್ಲಿ ಅದಾರ್ರಿ?" ಎಂದು ಕೇಳಿದ. ಹೋದ ಎಂದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಲೂರಿ ಎದ್ದು ಹೋದ.

೨೦೦೪ರಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. "ನಾನ್ರಿ ಸಾಹೇಬ್ರ, ಸೋಮಣ್ಣ." ಎನುಗುವಿನಿಂದ ಮಾತಾಡುತ್ತಿದ್ದ. ತನ್ನ ದೇಶದಲ್ಲಿ ಎರಡನೇ ದರ್ಜೆಯ ಒಂದು ಕ್ಲಬ್ಬಿಗೆ ಮ್ಯಾನೇಜರ್ ಆಗಿದ್ದನಂತೆ. ಮೊದಲು ಕೇಳಿದ್ದು ಬಸುವನ್ನು. ಧಾರವಾಡದ ಒಂದು ಸಾಲಿಯಲ್ಲಿ ಪಿಟಿ ಮಾಸ್ತರ ಆಗಿದ್ದಾನೆ, ದಿನಾ ಮುಂಜಾನೆ ಹುಡುಗರ ಜೊತೆ ಓಡುತ್ತಾನೆ ಎಂದೆ.

"ಕುಂಟೂದಿಲ್ಲೇನ್ರಿ?"

"ಒಟ್ಟ ಇಲ್ಲ."

ಅವನು ನಕ್ಕ. ಆಮೇಲೆ, "ಇಲ್ಲೂ ಒಬ್ಬ ಕಾಕಾ ಇದ್ರು ಸಾಹೇಬ್ರ. ಇಲ್ಲೂ ಒಬ್ಬ ಹುಡುಗಂದು ಕಾಲು," ಎಂದ.

"ನೀ ಏನ್ ಮಾಡ್ದಿ?"

"ಬ್ಯಾರೆ ಕೆಲಸ ಹುಡುಕಾಕತ್ತೇನ್ರಿ."

ಮೂವತ್ತೈದು ವರ್ಷದ ವೃತ್ತಿಯಲ್ಲಿ ಪೇಷಂಟುಗಳಿಗೆ ಎಷ್ಟು ಸಲ 'ಬೇಡ' ಎಂದಿದ್ದೇನೋ ಲೆಕ್ಕವಿಲ್ಲ. ಭಾರ ಎತ್ತಬೇಡ, ಬೈಕ್ ಹತ್ತಬೇಡ, ಹೊಲಕ್ಕೆ ಇಳಿಯಬೇಡ. ಹೇಳುವುದು ಸರಿಯೇ, ಹೇಳಲೇಬೇಕು. ಆದರೆ ಆ ಫೈನಲ್ ಆದ ಮರುದಿನ ನನ್ನ ಓಪಿಡಿ ಎಂದಿನಂತೆ ತುಂಬಿತ್ತು, ನಾನು ಹೇಳಿದ 'ಬೇಡ'ದಿಂದ ನನಗೆ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಅದೇ ಮಾತನ್ನು ಅವನು ಹೇಳಿದ್ದಕ್ಕೆ ಮಲಗುವ ಜಾಗ ಹೋಯಿತು. ಆ ಫೋನ್ ಬಂದ ಮೇಲೆ, ನಿವೃತ್ತಿಯಾಗುವವರೆಗೂ, 'ಬೇಡ' ಎಂದ ಕೂಡಲೆ ಸ್ಟೆತಾಸ್ಕೋಪ್ ಎತ್ತಿಡದೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: "ನಾಳಿಗೆ ಕೆಲಸಕ್ಕ ಹೋಗ್ಲಿಲ್ಲಂದ್ರ ನಿನಗ ಯಾರು ಏನಂತಾರ?" ಹಮಾಲರು, ಡ್ರೈವರುಗಳು, ಮನೆಗೆಲಸದ ಹೆಂಗಸರು ಉತ್ತರ ಹೇಳುತ್ತಿದ್ದರು. ಬಹಳ ಸಲ ಆ ಉತ್ತರಕ್ಕೆ ನನ್ನ ಬಳಿ ಔಷಧಿ ಇರಲಿಲ್ಲ. ಆದರೂ ಕೂತು ಪೂರ್ತಿ ಕೇಳುತ್ತಿದ್ದೆ.