ಚಿರುತಳ ನಂಬರು

ಮರಕ್ಕಡವಿನಲ್ಲಿ ಕಬಿನಿ ದಾಟುವವರಿಗೆಲ್ಲ ವೇಲಾಯುಧನ್ ಗೊತ್ತು. ಮೂವತ್ತು ವರ್ಷದಿಂದ ದೋಣಿ ನಡೆಸುತ್ತಿರುವವನು. ಈ ದಡ ಕೇರಳ, ಆ ದಡ ಕರ್ನಾಟಕ. ದಿನಕ್ಕೆ ಇಪ್ಪತ್ತು ಸಲ ಎರಡು ರಾಜ್ಯಗಳ ನಡುವೆ ಓಡಾಡಿದರೂ ಯಾವುದರ ಬಗ್ಗೆಯೂ ಒಂದು ಅಭಿಪ್ರಾಯ ಹೇಳಿದವನಲ್ಲ. ಅವನ ಪಾಲಿನ ಮಾತನ್ನೂ ಹೆಂಡತಿ ಚಿರುತಳೇ ಆಡಿ ಮುಗಿಸುತ್ತಿದ್ದಳು. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಒಬ್ಬಳೇ ಮಗಳು ಅಂಬಿಳಿ ಮದುವೆಯಾಗಿ ನೂಲ್ಪುಳದಲ್ಲಿದ್ದಾಳೆ. ಮನೆಯಲ್ಲಿ ಈಗ ಇವನೊಬ್ಬನೇ.

ಪುಲ್ಪಳ್ಳಿಯಲ್ಲಿ ನನ್ನದೊಂದು ಅಂಗಡಿ. ಜೆರಾಕ್ಸು, ಅರ್ಜಿ, ಸರ್ಟಿಫಿಕೇಟು. ಕಂಪ್ಯೂಟರಿನ ನಾಲ್ಕು ಕೀಲಿ ಒತ್ತಲು ಬರುವುದರಿಂದ ಜನ ನನ್ನನ್ನು ಬುದ್ಧಿವಂತನೆಂದು ನಂಬಿದ್ದಾರೆ. ಆ ನಂಬಿಕೆಯ ಮೇಲೇ ಒಲೆ ಉರಿಯುವುದರಿಂದ ತಿದ್ದಲು ಹೋಗಿಲ್ಲ.

ಮೊನ್ನೆ ಮಧ್ಯಾಹ್ನ ವೇಲಾಯುಧನ್ ಬಂದು ಬೆಂಚಿನ ಮೇಲೆ ಕೂತ. ಎರಡು ಬಸ್ಸು ಹೋದ ಮೇಲೆ ಬಾಯಿ ಬಿಟ್ಟ.

"ಗೌಡ್ರೇ, ಚಿರುತಳ ಪಾಟು ಬೇಕಿತ್ತು."

ಪಾಟು ಎಂದರೆ ಹಾಡು. ಚಿರುತ ಭತ್ತದ ನಾಟಿಗೆ ಹಾಡುವವಳು. ಗದ್ದೆಗಳಿಗೆ ಬಾಳೆ ಬಂದು ನಾಟಿ ನಿಂತ ಮೇಲೆ, ಕೇಳುವವರಿಲ್ಲದೆ, ಫೋನಿನಲ್ಲಿ ಹಾಡಿ ತುಂಬಿಸಿಡುತ್ತಿದ್ದಳು.

"ಫೋನ್ ತಂದಿದೀಯಾ?"

"ಅವ್ಳ ಹತ್ರ ಇದೆ."

ಅವನ ಜನರಲ್ಲಿ ಸತ್ತವರು ಬಳಸುತ್ತಿದ್ದ ಸಾಮಾನನ್ನು ಅವರ ಜೊತೆಗೇ ಮಣ್ಣಿಗಿಡುತ್ತಾರೆ. ಎಲೆ ಅಡಿಕೆ ಚೀಲ, ಕತ್ತಿ, ಕಂಬಳಿ. ಅವತ್ತು ಹಿರಿಯರು "ಇನ್ನೇನಾದ್ರೂ ಉಂಟಾ ಅವಳದ್ದು?" ಎಂದಾಗ ಇವನು ಒಳಗೆ ಹೋಗಿ, ಚಾರ್ಜಿಗಿಟ್ಟಿದ್ದ ಫೋನನ್ನು ಕಿತ್ತು ತಂದು ತಾನೇ ಅವಳ ಕೈಯ ಹತ್ತಿರ ಇಟ್ಟ. ಮತ್ತೆ ಹೋಗಿ ಚಾರ್ಜರನ್ನೂ ತಂದಿಟ್ಟ. ಹಾಡುಗಳಿದ್ದದ್ದು ಅದರಲ್ಲೇ ಎಂದು ನೆನಪಾದದ್ದು ಏಳನೆಯ ದಿನ. ಇಟ್ಟದ್ದನ್ನು ತೆಗೆಯುವ ಹಾಗಿಲ್ಲ.

"ಫೋನು ಬೇಡ. ಅದರೊಳಗಿನದಕ್ಕೆ ಅವಳ ಅಕೌಂಟಿನ ಕಂಪನಿಯವರ ಹತ್ತಿರ ನಕಲು ಇರುತ್ತೆ," ಎಂದೆ. ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿತ್ತು. ಇನ್ನು ಉಳಿದದ್ದು ಅವಳ ನಂಬರಿಗೆ ಬರುವ ಒಟಿಪಿ. ಅದಕ್ಕೆ ಅದೇ ನಂಬರಿನ ಹೊಸ ಸಿಮ್ ತೆಗೆಯಬೇಕು. ಸಿಮ್ ಯಾರ ಹೆಸರಿನಲ್ಲಿದೆ ಎಂದು ಹುಡುಕಿದರೆ ನನ್ನದೇ ಹೆಸರು ಬಂತು. ಆ ಕಾಲದಲ್ಲಿ ಅವಳ ಹತ್ತಿರ ಯಾವ ಕಾರ್ಡೂ ಇರಲಿಲ್ಲವೆಂದು ನನ್ನದನ್ನೇ ಕೊಟ್ಟಿದ್ದೆ. ಹಾಗಾಗಿ ಸಿಮ್ ಕಂಪನಿಯ ಲೆಕ್ಕದಲ್ಲಿ ಚಿರುತ ಎಂದರೆ ಐವತ್ತೆರಡು ವರ್ಷದ, ಬೋಳುತಲೆಯ ಒಬ್ಬ ಗಂಡಸು, ಇನ್ನೂ ಬದುಕಿದ್ದಾನೆ.

"ನಾನೇ ಸಹಿ ಹಾಕಿದರಾಯ್ತು, ನಾಳೆಯೇ ಸಿಗುತ್ತೆ," ಎಂದು ಬೀಗಿದೆ. "ಹೊಸದು ಶುರುವಾದ ಕೂಡಲೇ ಹಳೇದು ಸಾಯುತ್ತೆ."

ಕೊನೆಯ ಮಾತು ಬೇಕಿರಲಿಲ್ಲ. ಎಲ್ಲ ಗಿರಾಕಿಗಳಿಗೂ ಒಪ್ಪಿಸುವ ಪಾಠ, ನಾಲಗೆ ತಾನಾಗಿ ಆಡಿಬಿಟ್ಟಿತು.

"ಹಳೇದು ಅಂದ್ರೆ ಅವ್ಳ ಹತ್ರ ಇರೋದಾ?"

"ಅದು ಮಣ್ಣೊಳಗೆ ಯಾವತ್ತೋ ಆಫ್ ಆಗಿದೆ ಮಾರಾಯ."

"ಫೋನ್ ಆಫ್. ನಂಬರು ಅವ್ಳದ್ದೇ ಅಲ್ವಾ. ನಾನು ರೀಚಾರ್ಜ್ ಮಾಡ್ತಾ ಇದೀನಿ. ಉಣ್ಣಿಯ ಅಂಗಡೀಲಿ. ನಿಮ್ಮ ಹತ್ರ ಬಂದ್ರೆ ಬುದ್ಧಿ ಹೇಳ್ತೀರಿ."

ಹೇಳುತ್ತಿದ್ದೆ, ನಿಜ.

"ಆ ನಂಬರಿಗೆ ಫೋನ್ ವಿಳಿಸಿದ್ರೆ 'ಸ್ವಿಚ್ ಆಫ್' ಅಂತ ಬರುತ್ತೆ," ಎಂದ. "ಬೇರೆ ಯಾರೂ ಎತ್ತಲ್ಲ. ಅಷ್ಟು ಸಾಕು."

ಒಂದು ನಂಬರು ಎರಡು ಕಡೆ ಬದುಕುವುದಿಲ್ಲ, ಅವಳಿಗೆ ಹೋಗುವುದೇನೂ ಇಲ್ಲ, ನಿನಗೆ ಹಾಡು ಬರುತ್ತೆ ಎಂದು ಅವನು ಹೆದರಿದ್ದ ಬುದ್ಧಿಯನ್ನೆಲ್ಲ ಹೇಳಿದೆ. ಇನ್ನೂ ಮೂರು ಬಸ್ಸು ಹೋದವು.

"ಕೊಟ್ಟದ್ದನ್ನ ತಿರಿಚ್ಚು ತಗೊಳ್ಳೋದು ಹೆಂಗೆ ಗೌಡ್ರೇ?"

ಹೀಗೆ ಹಾಡು ಕಂಪನಿಯ ಹತ್ತಿರ, ನಂಬರು ಚಿರುತಳ ಹತ್ತಿರ ಉಳಿದವು. ಅವನು ಏಳದೆ ತನ್ನ ಫೋನನ್ನು ಮೇಜಿನ ಮೇಲಿಟ್ಟ.

"ನಂದು ಅಂಬಿಳಿಗೆ ಸಿಗ್ಬೇಕು. ನಮ್ಮೋರು ನನ್ನ ಜೊತೆ ಇಟ್ಟುಬಿಡ್ತಾರೆ. ಅವಳಿಗೆ ಹಿಂಗಾಗಬಾರ್ದು."

ಅದಕ್ಕೆ ದಾರಿಯಿತ್ತು. ಅಕೌಂಟಿನ ಒಳಗೊಂದು ಕಡೆ ಕಂಪನಿ ಕೇಳುತ್ತದೆ: ನೀವು ಎಷ್ಟು ತಿಂಗಳು ಸದ್ದಿಲ್ಲದೆ ಇದ್ದರೆ ನಿಮ್ಮದನ್ನು ನಿಮ್ಮವರಿಗೆ ಒಪ್ಪಿಸಬೇಕು? ಮೂರು, ಆರು, ಹನ್ನೆರಡು, ಹದಿನೆಂಟು.

"ಮೂರು ಹಾಕಲಾ?"

"ಮೂರು ತಿಂಗಳು ನಾನು ಸುಮ್ನೆ ಇದ್ದದ್ದು ಉಂಟು ಗೌಡ್ರೇ. ಅವಾಗ ಸತ್ತಿರಲಿಲ್ಲ."

ಹದಿನೆಂಟು ಹಾಕಿದೆ. ಅಂಬಿಳಿಯ ನಂಬರು ಸೇರಿಸಿದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಈಗಲೇ ಮಗಳ ಕೈಗೆ ಕೊಡು ಎಂದೆ. ಆಮೇಲೆ, ಒಪ್ಪಿಸಲು ಒಳಗೆ ಏನಿದೆಯೆಂದು ನೋಡಿದೆ. ಹತ್ತೊಂಬತ್ತು ಫೋಟೊ, ಎಲ್ಲವೂ ಹೊಳೆಯ ನೀರು ಎಲ್ಲಿಯವರೆಗೆ ಏರಿತ್ತು ಎಂಬುದರದ್ದು. ಒಂದು ಮುಖವಿಲ್ಲ, ಒಂದು ಮಾತಿಲ್ಲ.

"ಇದಕ್ಕೆ ಅವಳು ಹದಿನೆಂಟು ತಿಂಗಳು ಕಾಯಬೇಕಾ?" ಎಂದು ನಕ್ಕೆ. ಅವನು ನಗಲಿಲ್ಲ. ನಾನೂ ನಿಲ್ಲಿಸಿದೆ. ರೆಕಾರ್ಡಿಂಗ್ ಒತ್ತಿ ಫೋನನ್ನು ಅವನ ಕೈಗೆ ಕೊಟ್ಟೆ. "ಏನಾದ್ರೂ ಹೇಳು."

ನಾಲ್ಕು ನಿಮಿಷ ಬರೀ ನನ್ನ ಫ್ಯಾನಿನ ಸದ್ದು ತುಂಬಿತು.

"ಅಂಬಿಳೀ," ಎಂದ ಕೊನೆಗೆ. "ಅಪ್ಪ. ಅಮ್ಮನ ಪಾಟು ನನ್ನ ಕೈಯಿಂದ ಹೋಯ್ತು. ನಂಗೆ ಬರೋದು ಇಷ್ಟೇ."

ಚಿರುತಳ ನಾಟಿ ಹಾಡೊಂದನ್ನು ಹಾಡತೊಡಗಿದ. ಜೆರಾಕ್ಸಿಗೆ ಬಂದಿದ್ದವರು ತಿರುಗಿ ನೋಡಿದರು. ಒರಟು ದನಿ, ರಾಗವೆಂದು ಹೇಳುವುದು ಕಷ್ಟ. ಎರಡನೆಯ ಸಾಲಿನಲ್ಲಿ ತಪ್ಪಿದ. ತಪ್ಪಿದ್ದು ಅವನಿಗೂ ಗೊತ್ತಾಯಿತು. ಯಾರಾದರೂ ತಿದ್ದುತ್ತಾರೇನೋ ಎಂಬಂತೆ ಕಾದ. ಆಮೇಲೆ ಆ ತಪ್ಪು ಸಾಲನ್ನೇ ಹಾಡಿ ಮುಗಿಸಿದ.