ಕಾಡುಹರಳಿನ ರುಚಿ

ಕೋಣೆಯೊಳಗೆ ಪುಸ್ತಕ ಓದಿಸಿ ವಿಜ್ಞಾನ ಮುಗಿಸುವ ಮೇಷ್ಟ್ರುಗಳನ್ನು ಕಂಡರೆ ನನಗೆ ಆಗ ಮೈ ಉರೀತಿತ್ತು. ತೊಂಬತ್ತರ ದಶಕದ ಮಾತು. ಅರಕೆರೆ ಆಚೆಯ ಒಂದು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ನಾನು ಮೇಷ್ಟ್ರು. ಪಂಚೇಂದ್ರಿಯದ ಪಾಠಕ್ಕೆ ಮಕ್ಕಳನ್ನು ನಾಲೆ ಏರಿ ಮೇಲೆ ನಡೆಸಿಕೊಂಡು ಹೋದೆ. ಹುಣಸೆ ಚಿಗುರು, ಬೇವಿನ ಎಲೆ, ಕಬ್ಬಿನ ತುಂಡು ಎಲ್ಲ ಬಾಯಿಗೆ ಹಾಕಿಸಿದೆ.

"ಬರೀ ನೋಡಿದ್ರೆ ಸಾಲ್ದು ಕಣ್ರೋ, ನಾಲಿಗೆ ಮೇಲೆ ಇಟ್ಟು ನೋಡ್ಬೇಕು. ನಾಳೆ ಒಬ್ಬೊಬ್ರೂ ಒಂದೊಂದು ಹೊಸ ರುಚಿ ಹೇಳ್ಬೇಕು" ಅಂದೆ. ಯಾವುದನ್ನು ತಿನ್ನಬಾರದು ಅಂತ ಮಾತ್ರ ಹೇಳಲಿಲ್ಲ. ಹಳ್ಳಿ ಮಕ್ಕಳಲ್ವಾ, ಗೊತ್ತಿರುತ್ತೆ ಅಂದುಕೊಂಡೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ವಾಪಸ್ ಬರುವಾಗ ಹುಡುಗಿಯೊಬ್ಬಳು ಬೇಲಿಯ ಕಾಡುಹರಳಿನ ಕಾಯಿ ಒಡೆದು ಐದಾರು ಬೀಜ ತಿಂದಿದ್ದಳು. ಶಾಲೆ ಮುಟ್ಟುವಷ್ಟರಲ್ಲಿ ವಾಂತಿ, ಭೇದಿ. ಕಣ್ಣು ಗುಳಿ ಬಿತ್ತು. ಹೊತ್ತುಕೊಂಡು ಓಡಿ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ತೊಡೆ ಮೇಲೆ ಮಲಗಿದ್ದವಳು ಮೆಲ್ಲಗೆ ಅಂದಳು: "ಕಳ್ಳೆಕಾಯಿ ಬೀಜದಂಗೆ ಅದೆ ಸಾ. ಸಿಹಿ."

ಪಾಠ ಒಪ್ಪಿಸುತ್ತಿದ್ದಳು. "ಯಾಕವ್ವ ತಿಂದೆ?" ಅಂದೆ.

"ತಿನ್ಬ್ಯಾಡ ಅಂತ ಅಜ್ಜಿ ಏಳಿತ್ತು. ನೀವು ತಿನ್ನಿ ಅಂದ್ರಲ್ಲ ಸಾ."

ಬಸ್ಸಿನಲ್ಲಿ ಜನ ನೋಡುತ್ತಿದ್ದರು. ನಾನು ಅತ್ತೆ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಡಾಕ್ಟರು, ಉಳೀತಾಳೋ ಇಲ್ವೋ ಈಗಲೇ ಹೇಳಕ್ಕಾಗಲ್ಲ ಅಂದರು. ಹಿಂದೆಯೇ ಬಂದ ಹೆಡ್ ಮೇಷ್ಟ್ರು ನನ್ನನ್ನು ಹೊರಗೆ ಕರೆದು ಬಿಳಿ ಹಾಳೆ ಕೊಟ್ಟರು. "ಶಾಲೆ ಬಿಟ್ಮೇಲೆ ದಾರೀಲಿ ತಾನೇ ತಿಂದ್ಲು ಅಂತ ಬರ್ದುಬುಡಿ. ಇಲ್ದಿದ್ರೆ ನಿಮ್ಮ ಕೆಲಸ ಹೋಯ್ತದೆ." ಒಳಗೆ ಆ ಮಗು ಬದುಕಕ್ಕೆ ಒದ್ದಾಡುತ್ತಿತ್ತು, ಹೊರಗೆ ನಾನು ದುಂಡಗೆ ಬರೆದು ಸಹಿ ಹಾಕಿದೆ.

ಮೂರನೇ ದಿನ ಅವಳು ಎದ್ದು ಕೂತಳು. ನಾನು ಬನ್ನು ತಗೊಂಡು ಹೋದಾಗ ಅವಳಪ್ಪ ಮಂಚದ ಪಕ್ಕ ನಿಂತು ಮಗಳನ್ನು ಕೇಳುತ್ತಿದ್ದರು. "ದಾರೀಲಿ ತಿಂದ್ಲು ಅಂತ ಮೇಷ್ಟ್ರು ಬರ್ದವ್ರಂತೆ. ದಿಟವಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಬನ್ನಿನ ಕಾಗದ ಬಿಚ್ಚುತ್ತಿದ್ದೆ.

"ಊಂ ಕಣಪ್ಪ. ನಾನೇ ತಿಂದೆ."

ಅಪ್ಪ ಕೆನ್ನೆಗೆ ಬಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು. "ನೀವಿಲ್ದಿದ್ರೆ ನನ್ನ ಮಗಳು ಉಳೀತಿರ್ಲಿಲ್ಲ ಸಾ."

"ಇರ್ಲಿ ಬುಡಿ" ಅಂದೆ.